ಕಂಬಳಿಯೊಳಗೆ ಹದಿನಾರು ಚಿಪ್ಪು

"ಜುಂಜಣ್ಣ, ನನ್ನ ಕಳ್ಳಿ ಅಂದ್ರು" ಎಂದು ಯಲ್ಲಕ್ಕ ನನ್ನ ರೇಡಿಯೋ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಾಗ ಬೆಳಿಗ್ಗೆ ಒಂಬತ್ತು ಗಂಟೆ. ನನಗೆ ಸಿಟ್ಟು ಬೇಗ, ಚಿತ್ರದುರ್ಗಕ್ಕೆಲ್ಲ ಗೊತ್ತು. ಆದರೆ ಅವತ್ತಿನ ಸಿಟ್ಟಿಗೆ ನಾನು ಇವತ್ತಿಗೂ ನಾಚಿಕೊಳ್ಳುವುದಿಲ್ಲ.

೧೯೭೯ರ ಫೆಬ್ರವರಿ ಅದು. ಊರಿನಲ್ಲಿ ಅಂತರ್ಜಲ ಸಂಘ ಅಂತ ಒಂದಿತ್ತು. ಬಾವಿಗಳ ನೀರಿನ ಮಟ್ಟ ಅಳೆದು, ಎಲ್ಲಿ ಬೋರು ಕೊರೆಯಬಹುದೆಂದು ಹೇಳುವುದು ಅದರ ಕೆಲಸ. ಅಲ್ಲಿಗೆ ಹೊರದೇಶದಿಂದ ಒಂದು ಪುಟ್ಟ ಕಂಪ್ಯೂಟರ್ ಬಂದಿತ್ತು. ಪರದೆ, ಕೀಲಿಮಣೆ, ಕ್ಯಾಸೆಟ್ಟು ಎಲ್ಲ ಒಂದೇ ಡಬ್ಬಿಯಲ್ಲಿ. ಅದರ ಮೆಮೊರಿ ಬರೀ ಎಂಟು ಕೆ, ಅಂದರೆ ಸುಮಾರು ಎಂಟು ಸಾವಿರ ಅಕ್ಷರ ಹಿಡಿಯುವಷ್ಟು. ಒಂದು ತಾಲೂಕಿನ ಬಾವಿಗಳು ಒಳಗೆ ಕೂತರೆ ಇನ್ನೊಂದಕ್ಕೆ ಜಾಗವಿಲ್ಲ. ಹಿರಿಯೂರು ಬೇಕೆಂದರೆ ಚಿತ್ರದುರ್ಗ ಅಳಿಸಬೇಕು. ಅದಕ್ಕೇ ಮೂವತ್ತೆರಡು ಕೆ ಮಾಡಲು ಹದಿನಾರು ಹೊಸ ಮೆಮೊರಿ ಚಿಪ್ಪು ತರಿಸಿದ್ದರು.

ಬುಧವಾರ ಅವನ್ನು ಕೂರಿಸಿದವನು ನಾನೇ. ಕೂರಿಸುವ ಮೊದಲು, ಯಂತ್ರ ನಡೆಸುವ ಯಲ್ಲಕ್ಕನಿಗೂ ಕಾರ್ಯದರ್ಶಿ ಶಿವಕುಮಾರಪ್ಪನವರಿಗೂ ಎಚ್ಚರಿಕೆ ಹೇಳಿದ್ದೆ. ಈ ಒಣ ಹವೆಯಲ್ಲಿ ಉಣ್ಣೆ ಉಜ್ಜಿದರೆ ಚಟಕ್ಕೆಂದು ಕರೆಂಟು ಹುಟ್ಟುತ್ತದೆ, ತಾಗಿದರೆ ಚಿಪ್ಪು ಸತ್ತಂತೆ, ಬೆಳ್ಳಿ ಕಾಗದದಲ್ಲೇ ಇಡಬೇಕು ಅಂತ. ಯಲ್ಲಕ್ಕ ಹಿರೇಗುಂಟನೂರಿನ ಕುರಿಗಾರರ ಮಗಳು, ಚಳಿಗೆ ಕರಿಕಂಬಳಿ ಹೊದ್ದು ಬರುವವಳು. ಅವತ್ತೇ ಕಂಬಳಿಯನ್ನು ಹೊರಗೆ ವರಾಂಡದ ಮೊಳೆಗೆ ನೇತುಹಾಕಿದಳು.

ಹಳೆಯ ಚಿಪ್ಪುಗಳನ್ನು ಡ್ರಾಯರಿಗೆ ಹಾಕಿ, ಹೊಸದನ್ನು ಒತ್ತಿ ಸ್ವಿಚ್ ಹಾಕಿದೆ. ಖಾಲಿ ಜಾಗ ಮೊದಲು 7167 ಎಂದು ತೋರಿಸುತ್ತಿದ್ದ ಪರದೆ ಈಗ 31743 ಎಂದಿತು. ಯಲ್ಲಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಶುಕ್ರವಾರ ಹನ್ನೊಂದಕ್ಕೆ ನಾಲ್ಕು ತಾಲೂಕಿನ ಜನ ಬಂದು, ಎಲ್ಲ ಬಾವಿಗಳನ್ನೂ ಒಟ್ಟಿಗೆ ನೋಡುವುದೆಂದು ನಿಗದಿಯಾಗಿತ್ತು.

ಈಗ ಶುಕ್ರವಾರ. ಬೆಳಿಗ್ಗೆ ಯಂತ್ರದ ಹೊಟ್ಟೆ ಖಾಲಿ. ಹದಿನಾರೂ ಚಿಪ್ಪು, ಯಲ್ಲಕ್ಕ ಹಿಂದಿನ ಸಂಜೆ ವರಾಂಡದ ಮೊಳೆಯಲ್ಲೇ ಮರೆತುಹೋಗಿದ್ದ ಕಂಬಳಿಯ ಮಡಿಕೆಯಲ್ಲಿ ಕಾರ್ಯದರ್ಶಿಗಳಿಗೆ ಸಿಕ್ಕಿದ್ದವು.

"ಬೆಂಗಳೂರಾಗೆ ಮಾರಾಕೆ ಕದ್ದಿದೀಯ ಅಂತಾರಣ್ಣ ಕಾರ್ಯದರ್ಶಿಗಳು. ರೂಮಿನ ಕೀಲಿ ನನ್ನತ್ರ ಒಂದು, ಕಾರ್ಯದರ್ಶಿಗಳ ಮನೇಲಿ ಒಂದು. ಜನ ಬರೋದ್ರೊಳಗೆ ಒಪ್ಕಂಡ್ರೆ ಕೆಲಸ ಹೋಗ್ತತಂತೆ, ಒಪ್ಕಳ್ಳಲಿಲ್ಲ ಅಂದ್ರೆ ಪೊಲೀಸಂತೆ."

ಅಂಗಡಿಗೆ ಬಾಗಿಲು ಹಾಕಿ ಅವಳನ್ನು ಎದುರು ಮನೆಯ ಅನ್ನಪೂರ್ಣಮ್ಮನ ಹತ್ತಿರ ಕರೆದೊಯ್ದೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಜನ ಹೇಗೆ ಸುಳ್ಳು ಹೇಳುತ್ತಾರೆಂದು ಕೇಳಿಸಿಕೊಂಡ ಕಿವಿ ಅವರದು. ಊರಿನಲ್ಲಿ ಏನು ಕಳೆದರೂ ಅವರನ್ನೇ ಕರೆಯುತ್ತಾರೆ, ಚೀಲ ಹಿಡಿದು ಹಿಂದೆ ಹೋಗುವವನು ನಾನು.

"ಅತ್ತಿದ್ದಾಯ್ತಾ? ಆಗಿದ್ರೆ ಹೇಳು" ಎಂದರು ಅನ್ನಪೂರ್ಣಮ್ಮ. "ನಾಲ್ಕೂ ತಾಲೂಕಿನ ಬಾವಿ ಅಂಕಿ ಹಾಳೆ ನೋಡಿ ಯಂತ್ರಕ್ಕೆ ಹೊಡೆದೋಳು ನೀನೇನಾ?"

"ನಾನೇ ಅಮ್ಮ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಹೊಡೆದು ಬೆರಳು ಊದ್ಕಂಡಿದ್ವು. ಕೊನೇಲಿ ಹೊಸದುರ್ಗಕ್ಕೆ ಮಾತ್ರ ಕಣ್ಣೇ ಬೇಕಾಗ್ಲಿಲ್ಲ, ಬೆರಳು ತಾವೇ ಮುಂದೆ ಓಡ್ತಿದ್ವು. ಹೋದ ವಾರ ಮುರುಗಪ್ಪ ಸಾರ್‌ಗೂ ಹೇಳ್ದೆ. ಅಭ್ಯಾಸ ಆಗೈತೆ ಬಿಡು ಅಂತ ನಕ್ಕರು."

ಮುರುಗಪ್ಪ ಅಂದರೆ ಕಾರ್ಯದರ್ಶಿಗಳ ಮನೆಯಲ್ಲೇ ಇರುವ ಅಳಿಯ. ಹೊಳಲ್ಕೆರೆ, ಹೊಸದುರ್ಗ ಎರಡು ತಾಲೂಕಿನ ಬಾವಿ ಅಳೆಯುವ ಕೆಲಸ ಅವನದು. ಅನ್ನಪೂರ್ಣಮ್ಮ ಎದ್ದು ಹೊಸದುರ್ಗದ ಪ್ರವಾಸಿ ಮಂದಿರಕ್ಕೆ ಟ್ರಂಕ್ ಕಾಲ್ ಹಚ್ಚಿಸಿದರು. ಎರಡೇ ಪ್ರಶ್ನೆ ಕೇಳಿ ಫೋನಿಟ್ಟು, "ಚೀಲ ತಗಳಪ್ಪ, ಹೋಗಾಣ" ಎಂದರು.

ಸಂಘದ ಆಫೀಸಿನಲ್ಲಿ ಶಿವಕುಮಾರಪ್ಪನವರ ಮುಖ ಕೆಂಪಗಿತ್ತು. "ನೀನು ಹೇಳಿದಂಗೆ ಬೆಳ್ಳಿ ಕಾಗದಕ್ಕೆ ಹಾಕಿಟ್ಟಿದೀನಿ ಜುಂಜಣ್ಣ, ನೋಡು" ಎಂದು ಪೊಟ್ಟಣ ಕೊಟ್ಟರು. ಚಿಪ್ಪುಗಳನ್ನು ಕೂರಿಸಿ ಸ್ವಿಚ್ ಹಾಕಿದೆ. ಅಂಕಿ ಬರಲಿಲ್ಲ, ಪರದೆ ತುಂಬ ಕಸ ಚೆಲ್ಲಿದಂಥ ಗುರುತುಗಳು ಬಂದವು. ಮೂರು ಸಲ ಮಾಡಿದರೂ ಅಷ್ಟೇ. ಅಷ್ಟು ಜೋಪಾನವಾಗಿ ಕೂರಿಸಿದ್ದು ಉಣ್ಣೆ ತಾಗಿ ಸತ್ತುಹೋಗಿತ್ತು.

"ಹೋಗ್ಲಿ ಬಿಡ್ರಿ" ಎಂದ ಮುರುಗಪ್ಪ, ಕಾಫಿ ಕುಡಿಯುತ್ತಾ. "ಡ್ರಾಯರಾಗೆ ಹಳೇವು ಅವೆಯಲ್ಲ, ಅವೇ ಹಾಕ್ರಿ. ಒಂದೊಂದೇ ತಾಲೂಕು ತೋರ್ಸಿದ್ರೆ ಸಾಕು."

"ಬುಧವಾರ ನೀವು ಇಲ್ಲಿರಲಿಲ್ವೇನಪ್ಪ?" ಎಂದು ಅನ್ನಪೂರ್ಣಮ್ಮ ಕೇಳಿದರು.

"ಮೂರು ದಿನ ಹೊಸದುರ್ಗದಾಗಿದ್ದೆ. ನಿನ್ನೆ ಸಂಜೆ ಬಸ್ಸಿಗೆ ಬಂದೆ."

ಹನ್ನೊಂದಕ್ಕೆ ಸಂಘದ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಹೊಸದುರ್ಗದ ಕಡೆಯ ಕಾಟಪ್ಪ ಎಂಬ ಹಿರಿಯರು ಟವೆಲು ಹೆಗಲಿಗೆ ಹಾಕಿ ಕೂತಿದ್ದರು. ಕಾರ್ಯದರ್ಶಿಗಳು ಎದ್ದು, "ನಮ್ಮ ಹುಡುಗಿ ಮಾಡಿದ ಕಳ್ಳತನದಿಂದ..." ಎಂದು ಶುರುಮಾಡಿದರು.

"ಕುಂತ್ಕಳ್ರಿ" ಎಂದರು ಅನ್ನಪೂರ್ಣಮ್ಮ. ಅವರು ಕೂತರು.

"ಮಾರಾಕೆ ಕದ್ದಳು ಅಂತೀರಿ. ಉಣ್ಣೆ ತಾಗಿದ್ರೆ ಈ ವಸ್ತು ಸಾಯ್ತತೆ ಅಂತ ಬುಧವಾರ ಜುಂಜಣ್ಣ ಹೇಳಿದ್ದ. ಯಲ್ಲಕ್ಕ ಅವತ್ತೇ ತನ್ನ ಕಂಬಳಿನ ಹೊರಗೆ ಹಾಕಿದಳು. ಮಾರೋ ಮಾಲನ್ನ ತಾನೇ ಕೊಲ್ಲೋ ಕಳ್ಳಿ ಇರ್ತಾಳೇನ್ರಿ? ಹಂಗಾದ್ರೆ ಕಂಬಳಿಗೆ ಇಟ್ಟೋರಿಗೆ ಆ ವಿಷಯ ಗೊತ್ತಿರಲಿಲ್ಲ, ಇವಳ ಮೇಲೆ ಬರ್ಲಿ ಅಂತಷ್ಟೇ ಇಟ್ಟರು. ಕಾರ್ಯದರ್ಶಿಗಳಿಗೆ ಗೊತ್ತಿತ್ತು, ಸಿಕ್ಕ ಕೂಡ್ಲೆ ಬೆಳ್ಳಿ ಕಾಗದಕ್ಕೆ ಹಾಕಿದ್ರು. ಆ ದಿನ ಇಲ್ಲಿರದೆ, ಇನ್ನೊಂದು ಕೀಲಿ ಇರೋ ಮನೇಲಿ ಮಲಗೋರು ಒಬ್ರೇ."

ಎಲ್ಲರೂ ಮುರುಗಪ್ಪನ ಕಡೆ ತಿರುಗಿದರು. "ನಾನ್ಯಾಕೆ ಹಾಳು ಮಾಡ್ಲಿ? ಸಂಘದ ಸ್ವತ್ತು ಅದು" ಎಂದ ಅವನು.

"ಚಿಪ್ಪು ಸತ್ತಾಗ ನಮಗೆಲ್ಲ ಸಂಕಟ ಆತು. ನಿಮಗೊಬ್ರಿಗೆ ನಿರಾಳ ಆತು. ಒಂದೊಂದೇ ತಾಲೂಕು ಸಾಕು ಅಂದ್ರಿ. ಯಾಕೆ ಸಾಕು? ಜುಂಜಣ್ಣ, ಆ ಹೊಳಲ್ಕೆರೆ ಹಾಳೆ ನನ್ ಕೈಗೆ ಕೊಡು. ಯಲ್ಲಕ್ಕ, ನೀನು ಗೋಡೆ ಕಡೆ ತಿರುಗಿ ಹೊಸದುರ್ಗ ಹೇಳು."

ಯಲ್ಲಕ್ಕ ತಿರುಗಿ ನಿಂತಳು. ಬೆರಳುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೀಲಿ ಒತ್ತಿದ ಹಾಗೆ ಆಡಿಸುತ್ತಾ ಶುರುಮಾಡಿದಳು. "ನಲವತ್ತೊಂದು. ಮೂವತ್ತೆಂಟೂವರೆ. ಐವತ್ತೆರಡು. ಐವತ್ತೆರಡೂಕಾಲು. ಇಪ್ಪತ್ತೊಂಬತ್ತು..." ಅನ್ನಪೂರ್ಣಮ್ಮನ ಬೆರಳು ಹೊಳಲ್ಕೆರೆಯ ಹಾಳೆಯ ಮೇಲೆ ಒಂದೊಂದೇ ಸಾಲು ಇಳಿಯಿತು, ಎಲ್ಲೂ ತಪ್ಪಲಿಲ್ಲ. ಮೂವತ್ತನೆಯ ಬಾವಿಗೆ ನನಗೆ ಸಿಟ್ಟು ನೆತ್ತಿಗೇರಿತು. ಇವನು ಹೊಸದುರ್ಗದಲ್ಲಿ ಒಂದು ಬಾವಿಗೂ ಹಗ್ಗ ಇಳಿಸಿರಲಿಲ್ಲ, ಹೊಳಲ್ಕೆರೆಯದನ್ನೇ ನಕಲು ಮಾಡಿದ್ದ. ನಾಲ್ಕು ತಾಲೂಕು ಅಕ್ಕಪಕ್ಕ ಕೂತಿದ್ದರೆ ಯಂತ್ರ ಅದನ್ನೇ ಹೇಳುತ್ತಿತ್ತು.

"ಪ್ರವಾಸಿ ಮಂದಿರದ ಪುಸ್ತಕದಾಗೆ ಮೂರು ತಿಂಗಳಿಂದ ನಿಮ್ಮ ಹೆಸರಿಲ್ಲ" ಎಂದರು ಅನ್ನಪೂರ್ಣಮ್ಮ. "ಈ ಹುಡುಗಿ ಬೆರಳು ಓಡ್ತವೆ ಅಂದಾಗಲೇ ನಿಮಗೆ ಭಯ ಹುಟ್ಟಿತು. ಕಳ್ಳತನದ ಗಲಾಟೆಯಾಗೆ ಇವಳು ಹೋದ್ರೆ ಯಂತ್ರ ನಡೆಸೋರಿಲ್ಲ, ಒಟ್ಟಿಗೆ ತೋರ್ಸೋದೂ ನಿಲ್ತತೆ ಅಂದ್ಕಂಡ್ರಿ. ಚಿಪ್ಪು ಸತ್ತಿದ್ದು ನಿಮಗೆ ಕೂಡಿಬಂತು ಅಷ್ಟೆ."

ಮುರುಗಪ್ಪ, "ಜೀಪು ಕೆಟ್ಟಿತ್ತು, ಆಮೇಲೆ ಅಳೆಯಾಣ ಅಂತಿದ್ದೆ" ಎಂದು ಗೊಣಗಿದ.

ಕಾಟಪ್ಪನವರು ಎದ್ದರು. "ನಿನ್ನ ಅಂಕಿ ನಂಬಿ ನಮ್ಮೂರಾಗೆ ಎರಡು ಬೋರು ಕೊರೆಸಿದ್ವಿ. ಬರೀ ಧೂಳು ಬಂತು. ನನ್ನ ಸೊಸೆ ಇವತ್ತೂ ಎರಡು ಮೈಲಿ ನಡೆದು ನೀರು ತರ್ತಾಳೆ. ಅವಳ ಮುಂದೆ ಬಂದು ಹೇಳು ಜೀಪು ಕೆಟ್ಟಿತ್ತು ಅಂತ."

ಶಿವಕುಮಾರಪ್ಪನವರು ಯಲ್ಲಕ್ಕನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಆಯ್ತು ಬಿಡವ್ವ, ನೀನು ಕೆಲಸಕ್ಕೆ ಬಾ. ಒಳಗೇ ಮುಗಿಸಾಣ" ಎಂದರು.

ಯಲ್ಲಕ್ಕ ಗೋಡೆಯಿಂದ ಈ ಕಡೆ ತಿರುಗಿದಳು. "ಕಳ್ಳಿ ಅಂತ ವರಾಂಡದಾಗೆ ನಿಂತು ಕೂಗಿದ್ರಿ. ಅಲ್ಲ ಅಂತಾನೂ ಅಲ್ಲೇ ನಿಂತು ಕೂಗ್ರಿ. ಅಲ್ಲೀತಂಕ ನಾನು ಬರಲ್ಲ."

ಅವರು ಅಳಿಯನನ್ನು ನೋಡಿದರು, ಜನರನ್ನು ನೋಡಿದರು. ಯಾರೂ ಜಾಗ ಬಿಟ್ಟು ಏಳಲಿಲ್ಲ. ಕೊನೆಗೆ ವರಾಂಡಕ್ಕೆ ಹೋಗಿ, ರಸ್ತೆಗೆ ಕೇಳುವಂತೆ, ಯಲ್ಲಕ್ಕ ಕಳ್ಳಿಯಲ್ಲ, ಕದ್ದವನು ನನ್ನ ಅಳಿಯ ಎಂದು ಕೂಗಿದರು.

ಆಮೇಲೆ ಯಲ್ಲಕ್ಕ ಮೊಳೆಯಿಂದ ಕಂಬಳಿ ತೆಗೆದು, ಕೊಡವಿ, ಹೊದ್ದುಕೊಂಡೇ ಬಂದು ಯಂತ್ರದ ಮುಂದೆ ಕೂತಳು. "ಲೇ, ಕಂಬಳಿ" ಎಂದೆ ನಾನು, ಅಭ್ಯಾಸಬಲಕ್ಕೆ.

"ಸಾಯಾಕೆ ಒಳಗೆ ಏನೂ ಉಳಿದಿಲ್ವಲ್ಲಣ್ಣ" ಎಂದು ಅವಳು ಹೊಸದುರ್ಗದ ಹಾಳೆಯನ್ನು ಎಳೆದುಕೊಂಡು, ಪೆನ್ನು ಹಿಡಿದು ಮೊದಲ ಸಾಲಿನಿಂದಲೇ ಸುಳ್ಳು ಅಂಕಿಗಳನ್ನು ಗೀಚಿಹಾಕತೊಡಗಿದಳು.