ಕಿಟಕಿ ಪಕ್ಕ ಇಬ್ಬರಿಗೊಂದು ಬೆಂಚು

ಆ ಕಿಟಕಿಯನ್ನು ತೆಗೆಯಲು ಹೋಗಿಯೇ ನಾನು ಕೆಟ್ಟೆ.

ಹಡಗು ಕಟ್ಟುವ ಜಾಗದ ಪಕ್ಕ ಒಂದು ದೊಡ್ಡ ಶೆಡ್ಡು. ಅದರೊಳಗೆ ಒಂದೇ ಒಂದು ಕೋಣೆ. ಹೊರಗೆ ಹಡಗಿನ್ನೂ ಬರೀ ಕಬ್ಬಿಣದ ತಳ, ಆದರೆ ಮುಂದೆ ಅದರಲ್ಲಿ ಬರುವ ಸಾವಿರಾರು ಕೋಣೆಗಳಿಗೆ ಇದು ಮಾದರಿ. ಮಂಚ, ಬಾತ್‌ರೂಮು, ಪರದೆ ಎಲ್ಲವೂ ಅಳತೆಗೆ ಸರಿಯಾಗಿ. ಜನರನ್ನು ಜೋಡಿಯಾಗಿ ಕರೆಸಿ, ಒಂದು ದಿನ ಅಲ್ಲಿ ಇರಿಸಿ, ಹಡಗಿನಲ್ಲಿ ಏನೇನಿದ್ದರೆ ಚೆನ್ನ ಎಂದು ಕೇಳುವುದು ನನ್ನ ಕೆಲಸ. ಜನ ಬಯಸಿದ್ದು ಹಡಗಿಗೆ ಹೋಗುತ್ತದೆ. ಯಾರೂ ಬಯಸದೆ ಇದ್ದುದನ್ನು ಬಡಗಿಗಳು ಕಿತ್ತು ಹಾಕುತ್ತಾರೆ.

ಕೆಲಸಕ್ಕೆ ಸೇರಿದ ದಿನ ಕೋಣೆಯೊಳಗೆ ಬಣ್ಣದ ವಾಸನೆ ತಲೆಗೇರಿತ್ತು. ಪರದೆ ಸರಿಸಿದರೆ ಆಚೆ ಸಮುದ್ರ, ಎಳೆ ಬಿಸಿಲು. ಶೆಡ್ಡು ಇರುವುದೇ ದಡದ ಮೇಲೆ, ನನಗೇನು ಗೊತ್ತು? ಗಾಳಿ ಬರಲಿ ಎಂದು ಚಿಲಕಕ್ಕೆ ತಡಕಾಡಿದೆ.

"ತೆಗೆಯೋಕಾಗಲ್ಲ ಮೇಡಂ," ಗೋಡೆಯ ಹಿಂದಿನಿಂದ ದನಿ ಬಂತು. "ತೆಗೆದ್ರೆ ಸಮುದ್ರ ಚೆಲ್ಲಿ ಹೋಗುತ್ತೆ."

ಸುತ್ತಿ ಬಂದು ನೋಡಿದರೆ, ವೈರುಗಳ ರಾಶಿಯ ನಡುವೆ ಬಣ್ಣದ ಡಬ್ಬಿ ಮಗುಚಿ ಹಾಕಿಕೊಂಡು ಒಬ್ಬ ಕೂತಿದ್ದ. ಹಡಗಿನ ಒಳಭಾಗದ ಕೋಣೆಗಳಿಗೆ ನಿಜವಾದ ಕಿಟಕಿ ಇರುವುದಿಲ್ಲ, ಬದಲಿಗೆ ಕಿಟಕಿಯಂಥ ಸ್ಕ್ರೀನು. ಅದರಲ್ಲಿ ಸೂರ್ಯನನ್ನು ಹುಟ್ಟಿಸುವುದು, ಮುಳುಗಿಸುವುದು ಇವನ ಕೆಲಸ. ನಗು ಬರಬಾರದೆಂದು ತುಟಿ ಬಿಗಿ ಹಿಡಿದಿದ್ದ. ಕಣ್ಣು ಮಾತ್ರ ಆಗಲೇ ನಕ್ಕಾಗಿತ್ತು.

ಅಂದಿನಿಂದ ನಾನು ಅವನಿಗೆ ಕಿಟಕಿ ಮೇಡಂ. ಅವನು ಶೆಡ್ಡಿಗೆಲ್ಲ ಲೈಟಣ್ಣ. ಬಡಗಿಗಳಿಗೆ, ಮ್ಯಾನೇಜರಿಗೆ, ಕಸ ಗುಡಿಸುವ ವಯಸ್ಸಾದ ಅಮ್ಮನಿಗೂ ಲೈಟಣ್ಣನೇ. ನನ್ನ ಬಾಯಿಗೆ ಮಾತ್ರ ಆ 'ಅಣ್ಣ' ಬರಲೊಲ್ಲದು. 'ಇಲ್ಲಿ ನೋಡಿ', 'ಸ್ವಲ್ಪ ಕೇಳಿ' ಎಂದೇ ಕಾಲ ತಳ್ಳಿದೆ.

ದಿನಾ ಸಂಜೆ ಆ ಸ್ಕ್ರೀನಿನ ಹಿಂದೆ ಎರಡು ಡಬ್ಬಿಗಳ ಮೇಲೆ ನಮ್ಮ ಟೀ.

"ಇವತ್ತಿನವರಿಗೆ ಏನು ಬೇಕಂತೆ?"

"ದಿಂಬಿನ ಎರಡೂ ಕಡೆ ಪ್ಲಗ್ಗು. ಮಕ್ಕಳನ್ನ ಬಿಡದೆ ಇರೋ ಒಂದು ಈಜುಕೊಳ. ಮತ್ತೆ ಗೊರಕೆ ಹೊಡೆಯೋ ಗಂಡನ್ನ ಇಡೋಕೆ ಬೇರೆ ಗೂಡು."

"ಗಂಡ ಏನಂದ?"

"ಅವರು ಗೂಡು ಯಾವ ಮಹಡೀಲಿ ಕೊಡ್ತೀರ ಅಂತ ಕೇಳಿದ್ರು. ಪಕ್ಕದಲ್ಲೇ ಬಾರ್ ಇರಬೇಕಂತೆ."

ಒಬ್ಬರು ಅಜ್ಜಿ, ಹಡಗಿನ ಹಿಂಭಾಗಕ್ಕೆ ಮುಖ ಮಾಡಿದ ಒಂದು ಕುರ್ಚಿ ಬೇಕು, ಬಂದ ದಾರಿ ಕಾಣುತ್ತಿರಬೇಕು ಎಂದಿದ್ದರು. ಅದನ್ನು ಹೇಳಿದಾಗ ಅವನು ನನ್ನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದ. ಆಮೇಲೆ ಕೇಳಿದ, "ಊರಿಗೆಲ್ಲ ಅಣ್ಣ ಆದೆ. ನೀವೊಬ್ಬರೇ ನನ್ನ ಏನೂ ಕರೆಯೋದಿಲ್ಲ. ಯಾಕೆ?"

"ಕರೆಯೋಕೆ ಮುಂಚೆನೇ ಬಂದು ನಿಂತಿರ್ತೀರಲ್ಲ."

ಅವನು ಲೋಟದೊಳಗೆ ನೋಡುತ್ತ ನಕ್ಕ. ಕಿವಿ ಕೆಂಪಾಯಿತು. ಆ ಕೆಂಪು ಕಿವಿಯನ್ನೇ ನೆನೆಯುತ್ತ ನಾನು ಎಷ್ಟೋ ದಿನ ನೆಲದ ಮೇಲಿರಲಿಲ್ಲ.

ಹೀಗಿರುವಾಗ, ಕೋಣೆಗೆ ಬರಬೇಕಿದ್ದ ಒಂದು ಜೋಡಿ ಕೊನೆ ಗಳಿಗೆಯಲ್ಲಿ ಕೈ ಕೊಟ್ಟಿತು. ಮಾರನೆಯ ದಿನ ಕಂಪನಿಯ ದೊಡ್ಡವರೆಲ್ಲ ನೋಡಲು ಬರುವವರಿದ್ದರು. ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತರು.

"ನಾನು ಕೂರ್ತೀನಿ," ಎಂದ ಅವನು. ನನ್ನ ಕಡೆ ನೋಡಿ, "ಜೊತೆಗೆ ಯಾರಾದ್ರೂ ಬೇಕಲ್ಲ," ಎಂದ.

ಅವನು ಕೇಳಿದ್ದೇನೆಂದು ನನಗೆ ಅರ್ಥವಾಗಿತ್ತು. ಆದರೆ ಪ್ರಶ್ನೆ ಕೇಳುವವರು ಕೋಣೆಯಲ್ಲಿ ಕೂರಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. 'ನಾಳೆ ಒಂದು ದಿನ ನೀವೇ ಕೇಳಿ ಸಾರ್' ಎಂದು ಮ್ಯಾನೇಜರಿಗೆ ಹೇಳಿದ್ದರೆ ಮುಗಿಯುತ್ತಿತ್ತು. ನಾಚಿಕೆಯೋ, ಜಂಬವೋ, ನನ್ನ ಹಾಳು ನಾಲಿಗೆ ಬೇರೆಯೇ ನುಡಿಯಿತು.

"ನಮ್ಮಕ್ಕನ್ನ ಕರ್ಕೊಂಡು ಬರ್ತೀನಿ ಬಿಡಿ."

"ನಿಮಗೆ ಸರಿ ಅನ್ಸಿದ್ರೆ ಸರಿ," ಎಂದು ವೈರುಗಳ ಕಡೆ ತಿರುಗಿದ.

ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಗೇ ಬಂದಿದ್ದಳು. 'ಭಾವ' ಎಂಬ ಮಾತು ಆಮೇಲೆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಬಟ್ಟೆ ತರಲೇ, ತಿರುಗಾಡಿಕೊಂಡು ಬರೋಣವೇ ಎಂದು ಏನು ಕೇಳಿದರೂ ಅವಳದು ಒಂದೇ ಉತ್ತರ: "ಏನೂ ಬೇಡ ಕಣೇ." ನನ್ನ ಕೆಲಸದ ಮಾತೆಂದು ಗೋಗರೆದು ಮಾರನೆಯ ದಿನ ಅವಳನ್ನು ಕರೆತಂದೆ.

ಕೋಣೆಯ ದೊಡ್ಡ ಕನ್ನಡಿ ಒಳಗಿದ್ದವರಿಗೆ ಕನ್ನಡಿ, ಹಿಂದಿನ ಕತ್ತಲೆ ಗೂಡಿನಲ್ಲಿ ಕೂತ ನನಗೆ ಗಾಜು. ಅಕ್ಕ ಡಾಕ್ಟರನ್ನು ಕಾಯುವವಳಂತೆ ಮಂಚದ ತುದಿಯಲ್ಲಿ ಕೂತಳು.

"ಸೂರ್ಯ ಯಾವಾಗ ಹುಟ್ಟಲಿ, ಹೇಳಿ," ಎಂದ ಅವನು.

"ನನ್ನ ಕೇಳ್ತೀರಾ?"

"ಇವತ್ತು ಮನೆ ನಿಮ್ಮದಲ್ವಾ?"

ಅಕ್ಕ ಯೋಚಿಸಿದಳು. "ಸ್ವಲ್ಪ ತಡವಾಗೇ ಹುಟ್ಟಲಿ. ಅವನಿಗೂ ನಿದ್ದೆ ಬೇಕಲ್ಲ."

ಅವನು ನಕ್ಕ. ಹಿಂದೆಯೇ ಅಕ್ಕ ನಕ್ಕಳು. ಆ ನಗು ಹೇಗಿತ್ತೆಂಬುದೇ ನನಗೆ ಮರೆತುಹೋಗಿತ್ತು. ಕಣ್ಣು ತುಂಬಿ ಬಂತು. ಸಂತೋಷಕ್ಕೇ ಎಂದುಕೊಂಡೆ. ಸಂಜೆ ಮೈಕಿನಲ್ಲಿ ಎಂದಿನ ಪ್ರಶ್ನೆ ಕೇಳಿದೆ: ಈ ಕೋಣೆಯಲ್ಲಿ ಇನ್ನೇನಿದ್ದರೆ ಚೆನ್ನ? 'ಏನೂ ಬೇಡ' ಎನ್ನುತ್ತಾಳೆಂದು ಕಾದೆ.

"ಕಿಟಕಿ ಪಕ್ಕ ಒಂದು ಬೆಂಚು," ಎಂದಳು ಅಕ್ಕ. "ಇಬ್ಬರು ಕೂರೋ ಹಾಗೆ."

ದೊಡ್ಡವರಿಗೆ ಅದು ತುಂಬ ಹಿಡಿಸಿತು. ಬಡಗಿಗಳು ಬೆಂಚು ಮಾಡಿದರು. ಅದನ್ನು ನೋಡಲೆಂದು ಅಕ್ಕ ಬಂದಳು, ಆಮೇಲೆ ನನಗೆ ಊಟ ತಂದುಕೊಡುವ ನೆಪದಲ್ಲಿ ದಿನಾ ಬಂದಳು. ಡಬ್ಬಿಯಲ್ಲಿ ಊಟ ಇಬ್ಬರಿಗಾಗುವಷ್ಟು ಇರುತ್ತಿತ್ತು. ಮನೆಯಲ್ಲಿ ಬಟ್ಟೆ ಮಡಿಸುತ್ತ ಏನೋ ಗುನುಗುತ್ತಿದ್ದಳು. ಅಮ್ಮ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು.

"ಆ ಲೈಟಿನವರಿಗೆ ಮನಸ್ಸಿದೆಯಾ, ನೀನೇ ಒಂದು ಮಾತು ಕೇಳಿ ನೋಡೇ. ಕೇಳೋದು ನಿನಗೆ ಅಭ್ಯಾಸ ಅಲ್ವಾ?"

ಕೇಳಿದೆ. ಅದೇ ಡಬ್ಬಿಗಳ ಮೇಲೆ ಕೂತು, ಎಲ್ಲರನ್ನೂ ಕೇಳುವ ದನಿಯಲ್ಲೇ. ಅವನು ಕೈಯಲ್ಲಿದ್ದ ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನಿಮ್ಮಕ್ಕ ಒಳ್ಳೆಯವರು. ಅವರ ಜೊತೆ ಹೊತ್ತು ಹೋಗಿದ್ದೇ ತಿಳಿಯಲ್ಲ, ಸುಳ್ಳು ಯಾಕೆ ಹೇಳಲಿ. ಆದ್ರೆ ನಿಮ್ಮನ್ನ ಒಂದು ಮಾತು ಕೇಳದೆ ಹೂಂ ಅನ್ನೋಕೆ ಆಗ್ತಿಲ್ಲ." ತಲೆ ಎತ್ತಿದ. ಕಿವಿ ಕೆಂಪಾಗಿತ್ತು. "ದಿನಾ ಊರವರನ್ನೆಲ್ಲ ಕೇಳ್ತೀರಿ. ನಿಮಗೇನು ಬೇಕು?"

ನೀವು ಬೇಕು. ನಾಲಿಗೆಯ ತುದಿಯಲ್ಲೇ ಇತ್ತು. ಅದರ ಪಕ್ಕದಲ್ಲೇ ಅಕ್ಕನ ಗುನುಗೂ ಇತ್ತು. ಆಡಿದ್ದರೆ ಆ ಗುನುಗು ನಿಲ್ಲುತ್ತಿತ್ತು. ಮತ್ತೆ ಯಾರು ಏನು ಕೇಳಿದರೂ ಅವಳು 'ಏನೂ ಬೇಡ' ಎನ್ನುತ್ತ ಮುದುಕಿಯಾಗುತ್ತಿದ್ದಳು.

"ಬಾತ್‌ರೂಮಲ್ಲಿ ಇನ್ನೊಂದು ಕೊಕ್ಕೆ," ಎಂದೆ. "ಒದ್ದೆ ಟವೆಲ್ ಹಾಕೋಕೆ ಜಾಗನೇ ಇಲ್ಲ."

ಅವನು ನನ್ನನ್ನೇ ನೋಡಿದ. ನಾನು ಲೋಟ ತೊಳೆಯಲು ಎದ್ದೆ.

"ಸರಿ," ಎಂದ. "ಹಾಕ್ಸೋಣ."

ಮಾದರಿ ಒಪ್ಪಿಗೆಯಾದ ಮೇಲೆ ಕೋಣೆಯನ್ನು ಬಿಚ್ಚಿದರು. ಬೆಂಚೂ ನನ್ನ ಕೊಕ್ಕೆಯೂ ಇನ್ನು ಸಾವಿರಾರು ಕೋಣೆಗಳಿಗೆ ಹೋಗುತ್ತವೆ. ಕೊನೆಗೆ ಸ್ಕ್ರೀನಿನ ಸಮುದ್ರ ಆರಿತು. ಇಷ್ಟು ದಿನ ನಾವು ಕೂತ ಜಾಗದಲ್ಲಿ ಎರಡು ಡಬ್ಬಿಗಳ ಗುಂಡನೆಯ ಗುರುತು ಉಳಿದಿತ್ತು.

ಅಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವರಿಬ್ಬರೂ ತಮ್ಮ ಹೊಸ ಮನೆಗೆ ಪಾತ್ರೆಪಗಡೆ ಕೊಳ್ಳಲು ಹೊರಟಿದ್ದರು.

"ಅವರನ್ನ ಸ್ವಲ್ಪ ಕರೆಯೇ, ಹೊತ್ತಾಯ್ತು."

ಅವನು ನಮಗೆ ಬೆನ್ನು ಮಾಡಿ ವೈರು ಸುತ್ತುತ್ತಿದ್ದ. ಕರೆಯುವ ಮುಂಚೆಯೇ ಬಂದು ನಿಲ್ಲಲಿ ಎಂದು ಒಂದು ಕ್ಷಣ ಕಾದೆ. ಬರಲಿಲ್ಲ.

"ಭಾವ," ಎಂದು ಕರೆದೆ.

ಅವನ ಕೈ ನಿಂತಿತು. ಉಳಿದ ವೈರನ್ನೆಲ್ಲ ನಿಧಾನವಾಗಿ ಸುತ್ತಿ ಮುಗಿಸಿದ. ಆಮೇಲೆ ತಿರುಗಿ, "ಬಂದೆ," ಎಂದ.