ಮಲ್ಲಣ್ಣನ ಪರೀಕ್ಷೆ, ಅಂಕಿತಾಳ ರೆಕ್ಕೆ

ಓದುತ್ತಿದ್ದವಳು ಅಂಕಿತಾ. ಪರೀಕ್ಷೆ ಇದ್ದದ್ದು ಅವಳ ಅಣ್ಣ ಮಲ್ಲುವಿಗೆ.

“ಇಳಿಮುಖ... ಸೀಮಾಂತ... ತುಷ್ಟಿ... ತುಷ್ಟಿಗುಣ ನಿಯಮ.” ಅಂಕಿತಾ ದಪ್ಪ ಪುಸ್ತಕಕ್ಕೆ ಮೂಗು ತಾಗಿಸಿಕೊಂಡು ಒಂದೊಂದೇ ಅಕ್ಷರ ಬಿಡಿಸಿ ಓದಿದಳು. “ಯಣ್ಣಾ, ಕೇಳಾಕತ್ತೀಯೋ ಇಲ್ಲೋ?”

“ಹೂಂ, ಹೂಂ. ಮುಂದ ಓದು.”

“ನಾ ಈಗೇನ್ ಓದಿದೆ, ಹೇಳ ನೋಡೂಣು?”

“ಅದ... ಏನೋ ಇಳೀತಂತ.” ಮಲ್ಲು ದಾರವನ್ನು ಹಲ್ಲಿನಿಂದ ಕಚ್ಚಿ ಹರಿದ. “ಏ ಅಂಕಿ, ಆ ಬೂದಿ ಬಣ್ಣದ ತುಂಡ ಇತ್ತ ಕೊಡು.”

ಅಂಕಿತಾ ಹಣೆ ಹಣೆ ಚಚ್ಚಿಕೊಂಡಳು. ಐದನೆಯ ತರಗತಿಯ ಹುಡುಗಿ ಬಿ.ಎ. ಪುಸ್ತಕ ಓದುವುದು, ಬಿ.ಎ. ಓದಬೇಕಾದವನು ಸೂಜಿ ಹಿಡಿದು ಕೂರುವುದು! ಲಕ್ಷ್ಮೇಶ್ವರದ ಹತ್ತಿರದ ಈ ಮಾಗಡಿ ಊರಲ್ಲಿ ಇಂಥ ತಮಾಷೆ ಇನ್ನಾವ ಮನೆಯಲ್ಲೂ ಇರಲಿಕ್ಕಿಲ್ಲ.

ತಪ್ಪು ಅವಳದೇ. ಶನಿವಾರ ಸಂಜೆ ಅವಳ ಶಾಲೆಯಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಚಳಿಗಾಲಕ್ಕೆ ಊರ ಕೆರೆಗೆ ಎಲ್ಲಿಂದಲೋ ಹಾರಿ ಬರುವ ಹೆಬ್ಬಾತುಗಳ ಮೇಲೆ ಒಂದು ನಾಟಕ. ಎಲ್ಲಕ್ಕಿಂತ ಮುಂದೆ ಹಾರುವ ಬಾತು ಅಂಕಿತಾ. “ಎರಡೂ ರೆಕ್ಕಿ ಮನಿಯಿಂದ ಮಾಡಿಸ್ಕೊಂಡ ಬರ್ರಿ. ರೆಕ್ಕಿ ಇಲ್ಲದವರು ಕೆರಿ ದಂಡಿ ಮ್ಯಾಲ ಕಲ್ಲಾಗಿ ಕುಂಡ್ರಬೇಕು, ನೋಡ್ರಿ ಮತ್ತ,” ಎಂದಿದ್ದರು ಅಫ್ರೀನ ಟೀಚರ್.

ಉಳಿದ ಮಕ್ಕಳು ರಟ್ಟು ಕತ್ತರಿಸಿ, ಬಿಳಿ ಹಾಳೆ ಅಂಟಿಸಿ, ಒಂದೇ ಸಂಜೆಯಲ್ಲಿ ಬಾತುಗಳಾದರು. ಅಂಕಿತಾ ಹೋಗಿ ಅಣ್ಣನಿಗೆ ಹೇಳಿದಳು.

“ರಟ್ಟಿನ ರೆಕ್ಕಿ? ಥೂ!” ಎಂದ ಮಲ್ಲು. ಎಂದವನೇ ಅಜ್ಜಿಯ ಹಳೆಯ ಸೀರೆಗಳ ಗಂಟು ಬಿಚ್ಚಿದ. ಕೌದಿ ಹೊಲಿದಂತೆ ತುಂಡಿಗೆ ತುಂಡು ಸೇರಿಸಿ, ಒಂದೊಂದು ಗರಿಗೂ ಒಂದೊಂದು ಸಾಲು ಹೊಲಿಗೆ ಹಾಕಿ ರೆಕ್ಕೆ ಮಾಡಲು ಕೂತ. ಅದೇ ಶನಿವಾರ ಬೆಳಿಗ್ಗೆ ಲಕ್ಷ್ಮೇಶ್ವರದ ಕಾಲೇಜಿನಲ್ಲಿ ತನಗೆ ಮೊದಲ ಸೆಮಿಸ್ಟರಿನ ಅರ್ಥಶಾಸ್ತ್ರ ಪರೀಕ್ಷೆ ಇದೆ ಎಂಬುದು ಅವನಿಗೆ ಆಮೇಲೆ ನೆನಪಾಯಿತು.

“ಅದಕ್ಕೇನಾತು? ನೀ ಓದು, ನಾ ಹೊಲೀತೀನಿ. ಕಿವಿ ಪರೀಕ್ಷಾಕ್ಕ, ಕೈ ರೆಕ್ಕಿಗೆ,” ಎಂದ.

ಮಲ್ಲು ಮೊದಲಿನಿಂದಲೂ ಹೀಗೆಯೇ. ಪಡಸಾಲೆಯ ಗೋಡೆಗೆ ಅವನು ಬರೆದ ನವಿಲಿಗೆ ಇವತ್ತಿಗೂ ಕಾಲಿಲ್ಲ. ಅವನು ಮಾಡಿದ ಕೊಳಲು ಊದಿದರೆ ಗಾಳಿ ಬರುತ್ತದೆ, ಹಾಡು ಬರುವುದಿಲ್ಲ. ಅವನ ಕೈ ಕೆಟ್ಟದ್ದು ಎಂದಲ್ಲ. ಮಾಡಿದ್ದು ಅವನಿಗೇ ಮನಸ್ಸಿಗೆ ಬರುವುದಿಲ್ಲ. ಅಳಿಸುತ್ತಾನೆ, ಬಿಚ್ಚುತ್ತಾನೆ, ಮತ್ತೆ ಶುರು ಮಾಡುತ್ತಾನೆ.

ಈಗಲೂ ಅಷ್ಟೇ. “ಛೇ, ಇದು ತಪ್ಪಾತಲೇ,” ಎನ್ನುತ್ತ ಹೊಲಿದ ಸಾಲನ್ನು ಬಿಚ್ಚತೊಡಗಿದ. “ಬಾತಿನ ರೆಕ್ಕಿ ತುದಿ ಕರ್ರಗ ಇರ್ತೈತಿ. ಮುಂಜಾನೆ ಕೆರಿಗೆ ಹೋಗಿ ನೋಡಿ ಬಂದೇನಿ.”

“ಓದೂದ ಬಿಟ್ಟ ಕೆರಿಗೆ ಹೋಗಿದ್ದೆಯೇನ?” ಅಂಕಿತಾ ಕಿರುಚಿದಳು. “ಯಣ್ಣಾ, ನಾಟಕ ನೋಡಾಕ ಮಂದಿ ಬರ್ತಾರ. ಬಾತು ಬರೂದಿಲ್ಲ!”

ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿ ಗದಿಗೆವ್ವ ಬೊಚ್ಚುಬಾಯಿ ತೆರೆದು ನಕ್ಕಳು. ಅವಳನ್ನು ಮನೆಯವರೆಲ್ಲ ಆಯಿ ಎಂದು ಕರೆಯುತ್ತಿದ್ದರು. ಕೌದಿ ಹೊಲಿಯುವುದನ್ನು ಮಲ್ಲುವಿಗೆ ಕಲಿಸಿದವಳು ಅವಳೇ. ಹಾಗಾಗಿ ಅವಳು ಅವನ ಪಕ್ಷ.

ಮರುದಿನ, ಗುರುವಾರ, ಅಂತೂ ಒಂದು ರೆಕ್ಕೆ ಮುಗಿಯುತ್ತ ಬಂತು. ಬೂದು, ಬಿಳಿ, ಕಪ್ಪು ಗರಿಗಳು ಒಂದರ ಮೇಲೊಂದು ಕೂತಿದ್ದವು. ಅಂಕಿತಾ ಬಯ್ಯಬೇಕೆಂದು ಬಂದವಳು ಹಾಗೇ ನಿಂತಳು. ಅಷ್ಟು ಚೆಂದ ಇತ್ತು.

“ಮೂಲಿ ಮುಚ್ಚಬ್ಯಾಡ, ತಡಿ,” ಎಂದಳು ಆಯಿ. “ಒಂದ ರೊಟ್ಟಿ ಚೂರ ಇಟ್ಟ ಹೊಲಿ. ಕೌದಿ ಹೊಟ್ಟಿ ಖಾಲಿ ಇಡಬಾರದು. ಹಸದ ಕೌದಿ ಮನಿಗೆ ಬರಕತ್ ಅಲ್ಲ.”

“ಆಯೀ, ಇದು ಕೌದಿ ಅಲ್ಲ, ರೆಕ್ಕಿ!” ಎಂದಳು ಅಂಕಿತಾ.

“ಕೌದಿ ಹೊಲಿಗಿ ಹಾಕಿದ ಮ್ಯಾಲ ಅದು ಕೌದಿನ. ಬಾತಿಗೆ ಹೊಟ್ಟಿ ಇರೂದಿಲ್ಲೇನು?”

ಮಲ್ಲು ಅಡುಗೆಮನೆಗೆ ಹೋಗಿ ಏನೋ ತಂದು ಮೂಲೆಯೊಳಗೆ ತುರುಕಿ, ಬಾಯಿ ಹೊಲಿದುಬಿಟ್ಟ.

ಆ ಸಂಜೆ ಅಪ್ಪ ನಿಜಲಿಂಗಪ್ಪ ಕಿರಾಣಿ ಅಂಗಡಿಯಿಂದ ಬಂದವರು ಬಾಗಿಲಲ್ಲೇ ನಿಂತರು. ಮಗಳು ಓದುತ್ತಿದ್ದಳು. ಮಗ ಎರಡನೆಯ ರೆಕ್ಕೆಗೆ ಬಟ್ಟೆ ಕತ್ತರಿಸುತ್ತಿದ್ದ.

“ಹತ್ತು ಕಟ್ಟೂದರ ಬದಲಿ ಒಂದು ಮುತ್ತು ಕಟ್ಟು ಅಂತಾರ. ಇಂವಾ ಹನ್ನೊಂದನೇದ್ದು ಕಟ್ಟಾಕ ಕುಂತಾನ,” ಎಂದರು. ದನಿ ಎತ್ತರಿಸಲಿಲ್ಲ. ಅಪ್ಪ ದನಿ ಎತ್ತರಿಸದಿದ್ದರೆ ಎಲ್ಲರಿಗೂ ಹೆಚ್ಚು ಹೆದರಿಕೆ. “ನೋಡ ಮಲ್ಲು, ಒಂದ ಪೇಪರ್ ಹೋತಂದ್ರ ಕಾಲೇಜೂ ಬ್ಯಾಡ, ಈ ಚಿಂದಿನೂ ಬ್ಯಾಡ. ಗಂಟು ಅಟ್ಟಕ್ಕ, ನೀ ಅಂಗಡಿಗೆ. ಆತಿಲ್ಲೋ?”

“ಆತ್ರಿ ಅಪ್ಪಾ,” ಎಂದ ಮಲ್ಲು. ಕತ್ತರಿ ಹಾಗೇ ಕೈಯಲ್ಲಿತ್ತು.

ಅಪ್ಪ ಕೈಕಾಲು ತೊಳೆಯಲು ಹೋದ ಮೇಲೆ ಅಂಕಿತಾ ಪುಸ್ತಕ ಮುಚ್ಚಿದಳು. “ಯಣ್ಣಾ, ತುಷ್ಟಿಗುಣ ನಿಯಮ ಅಂದ್ರೇನು?”

ಮಲ್ಲು ಸೂರು ನೋಡಿದ.

“ಒಂದ ಮಿರ್ಚಿ ಭಜಿ ತಿಂದ್ರ ಬೇಷ್ ಅನ್ನಸ್ತೈತಿ. ಎರಡನೇದ್ದಕ್ಕ ಅಷ್ಟಿಲ್ಲ. ನಾಕನೇದ್ದಕ್ಕ ಸಾಕಪಾ ಸಾಕು ಅನ್ನಸ್ತೈತಿ. ಅದ ನಿಯಮ,” ಎಂದಳು ಅಂಕಿತಾ. “ಬೇಡಿಕಿ ಅಂದ್ರ?”

ಮಲ್ಲು ನೆಲ ನೋಡಿದ.

“ನಾ ಇಷ್ಟ ದಿನ ಗಂಟಲ ಹರಕೊಂಡ ಓದಿದ್ದು ಎಲ್ಲಿ ಹೋತು?”

“ಖರೇನ ಕೇಳಾಕತ್ತಿದ್ದೆ, ಅಂಕಿ,” ಎಂದ ಮಲ್ಲು. ಮುಖ ಸಣ್ಣದಾಗಿತ್ತು.

ಸುಳ್ಳು! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ತನ್ನ ಕತೆ ಎಂದುಕೊಂಡಳು ಅಂಕಿತಾ. ಸಿಟ್ಟು ನೆತ್ತಿಗೇರಿತ್ತು. ಆದರೆ ಮಲಗಿದ ಮೇಲೆ ಸಿಟ್ಟಿನ ಜಾಗಕ್ಕೆ ಹೆದರಿಕೆ ಬಂದು ಕೂತಿತು. ಅಣ್ಣ ನಪಾಸಾದರೆ? ಅಂಗಡಿಯ ಗಲ್ಲೆಯ ಮೇಲೆ ಕೂತು ದಿನವಿಡೀ ಸಕ್ಕರೆ ಕಟ್ಟುವ ಅಣ್ಣ ಅವಳ ಕಣ್ಣ ಮುಂದೆ ಬಂದ. ನಾನು ರೆಕ್ಕೆ ಕೇಳದೇ ಇದ್ದಿದ್ದರೆ, ಅನ್ನಿಸಿತು. ರೆಕ್ಕೆ ಬೇಡ ಎನ್ನಲೂ ಬಾಯಿ ಬರಲೊಲ್ಲದು. ಕೆರೆಯ ದಂಡೆಯಲ್ಲಿ ಕಲ್ಲಾಗಿ ಕೂರುವುದು ಯಾರಿಗೆ ಬೇಕು?

ಶುಕ್ರವಾರ ಶಾಲೆಯಿಂದ ಬಂದವಳೇ ಅಂಕಿತಾ ಅಣ್ಣನ ಕೈಯಿಂದ ಸೂಜಿ ಕಸಿದುಕೊಂಡಳು. ಪುಸ್ತಕವನ್ನು ಅವನ ತೊಡೆಯ ಮೇಲೆ ಹಾಕಿದಳು.

“ಇನ್ನ ಮ್ಯಾಲ ನೀ ಓದು. ನಾ ಹೊಲೀತೀನಿ.”

“ನಿನಗ ಬರೂದಿಲ್ಲಲೇ!”

“ನಿನಗ ಅರ್ಥಶಾಸ್ತ್ರ ಬರ್ತೈತೇನು?”

ಆಯಿ ಮತ್ತೆ ನಕ್ಕಳು. ಮಲ್ಲು ಎರಡು ಸಾಲು ಓದುವಷ್ಟರಲ್ಲಿ ಮೂರು ಸಲ ಕತ್ತು ಚಾಚಿದ. “ಸೊಟ್ಟ ಆತು... ಅಲ್ಲಿ ಎಳಿಬ್ಯಾಡ... ಅಯ್ಯೋ, ಗಂಟ ಬಿತ್ತು ನೋಡು!” ಕೊನೆಗೆ ಆಯಿಯೇ ಅವನನ್ನು ಹೊರಗಿನ ಕಟ್ಟೆಗೆ ಅಟ್ಟಿದಳು. ಅಲ್ಲಿಂದ ಅವನು ಜೋರಾಗಿ ಓದುವುದು ಕೇಳಿಸತೊಡಗಿತು.

ಅಂಕಿತಾಳ ಮೊದಲ ಸಾಲು ಹಾವು ಹರಿದಂತೆ ಹೋಯಿತು. ಎರಡನೆಯದಕ್ಕೆ ಬೆರಳಿಗೆ ಚುಚ್ಚಿತು. ಮೂರನೆಯದಕ್ಕೆ ಸೂಜಿ ಸ್ವಲ್ಪ ಸ್ವಲ್ಪವೇ ಅವಳ ಮಾತು ಕೇಳತೊಡಗಿತು. ಒಳಗೆ ಹೋಗು, ಹೊರಗೆ ಬಾ. ಒಳಗೆ ಹೋಗು, ಹೊರಗೆ ಬಾ. ಈ ಗರಿ ಮುಗಿಸಿ ಏಳುತ್ತೇನೆ ಎಂದುಕೊಂಡಳು. ಆ ಗರಿಯ ಪಕ್ಕದಲ್ಲಿ ಇನ್ನೊಂದು ಗರಿ ಇತ್ತು.

ಬೆನ್ನ ಮೇಲೆ ಫಟ್ ಎಂದು ಒಂದು ಏಟು ಬಿತ್ತು. ಅವ್ವ ನಿಂತಿದ್ದಳು.

“ಎಷ್ಟ ಸಲ ಕರೀಬೇಕ ನಿನ್ನ? ಕಿವ್ಯಾಗ ಹತ್ತಿ ಇಟಗೊಂಡಿಯೇನ?”

“ನೀ ಕರದೇ ಇಲ್ಲಬೇ!”

“ಕರದೇ ಇಲ್ಲಂತ! ನಾ ಒದರೂದು ಕೇಳಿ ಬಾಜೂ ಮನಿ ಕಳಕವ್ವ ಓಡಿ ಬಂದ್ಲು, ಯಾರಿಗೇನಾತವಾ ಅಂತ.”

ಅಂಕಿತಾ ಆಯಿಯ ಮುಖ ನೋಡಿದಳು. ಆಯಿ ಹೌದೆಂದು ತಲೆ ಆಡಿಸಿದಳು. ಹೊರಗೆ ನೋಡಿದರೆ ಕತ್ತಲಾಗುತ್ತಿತ್ತು. ಕಟ್ಟೆಯ ಮೇಲೆ ಮಲ್ಲು ಇನ್ನೂ ಗಟ್ಟಿಯಾಗಿ ಓದುತ್ತಿದ್ದ. ಇಷ್ಟು ಹೊತ್ತೂ ಓದುತ್ತಿದ್ದನಂತೆ. ಅವಳಿಗೆ ಅದರಲ್ಲಿ ಒಂದು ಅಕ್ಷರವೂ ಕೇಳಿರಲಿಲ್ಲ.

ಅವಳು ಕೈಯಲ್ಲಿದ್ದ ಸೂಜಿಯನ್ನು ನೋಡಿದಳು. ಅಣ್ಣ ಹೇಳಿದ್ದು ಸುಳ್ಳಲ್ಲ ಹಾಗಾದರೆ.

ಊಟವಾದ ಮೇಲೆ, ಕಣ್ಣು ಮಂಜಾಗಿದ್ದ ಆಯಿ ತಡಕಾಡುತ್ತಲೇ ಮಿಕ್ಕಿದ್ದನ್ನು ಹೊಲಿದು ಕೊಟ್ಟಳು. ಅಂತೂ ಎರಡನೆಯ ರೆಕ್ಕೆ ಆಯಿತು. ಸೊಟ್ಟ, ನಿಜ. ಆದರೂ ರೆಕ್ಕೆ.

ಶನಿವಾರ ಬೆಳಿಗ್ಗೆ ಮಲ್ಲು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹಾಲ್ ಟಿಕೆಟ್ ಇಟ್ಟುಕೊಂಡ ಬ್ಯಾಗು ಹೆಗಲಿಗೇರಿಸಿದ. ಹೊರಡುವ ಮುಂಚೆ ರೆಕ್ಕೆಗಳನ್ನು ಒಮ್ಮೆ ನೋಡಿ ಹೋಗೋಣ ಎಂದು ಟ್ರಂಕಿನ ಹಿಂದೆ ಕೈ ಹಾಕಿದ. ಮೊದಲನೆಯ ರೆಕ್ಕೆ ಎತ್ತಿದ. ಅಂಕಿತಾ ಚೀರಿದಳು.

ಮೂಲೆಯಲ್ಲಿ ಅಂಗೈಯಷ್ಟು ದೊಡ್ಡ ತೂತು. ಇಲಿ ಕಡಿದಿತ್ತು. ಮೂರು ಚೆಂದದ ಗರಿಗಳು ಪುಡಿಪುಡಿ.

“ರೊಟ್ಟಿ ಚೂರಿಗೆ ಇಲಿ ಹಿಂಗ ಮಾಡಂಗಿಲ್ಲ,” ಆಯಿ ತೂತನ್ನು ಮೂಸಿ ನೋಡಿದಳು. “ಏನ್ ಇಟ್ಟಿದ್ದೆಪಾ ಇದರಾಗ?”

“ಸಂಕ್ರಾಂತಿದು ಶೇಂಗಾ ಹೋಳಿಗಿ ಉಳದಿತ್ತು,” ಎಂದ ಮಲ್ಲು. “ಒಣಾ ರೊಟ್ಟಿ ಯಾಕ, ಹೋಳಿಗೀನ ಇರ್ಲಿ ಅಂತ...”

ಎಲ್ಲದರಲ್ಲೂ ಒಂದು ಕೈ ಹೆಚ್ಚು! ಅಂಕಿತಾಳಿಗೆ ಅಳು ಬಂತು, ನಗುವೂ ಬಂತು, ಅಣ್ಣನ ತಲೆಗೂದಲು ಹಿಡಿದು ಜಗ್ಗಬೇಕು ಅಂತಲೂ ಅನ್ನಿಸಿತು. ಅಷ್ಟರಲ್ಲಿ ಮಲ್ಲು ಬ್ಯಾಗು ಇಳಿಸಿದ. ನೆಲದ ಮೇಲೆ ಕೂತ. ಸೂಜಿಗೆ ದಾರ ಪೋಣಿಸಿದ.

“ಒಂದ ತ್ಯಾಪಿ ಹಾಕಿ ಹೋಗ್ತೀನಿ. ಎರಡ ನಿಮಿಷ.”

ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು. ಲಕ್ಷ್ಮೇಶ್ವರದ ಬಸ್. ಅದು ಹೋದರೆ ಪರೀಕ್ಷೆಯ ಹೊತ್ತಿಗೆ ಬೇರೆ ಬಸ್ಸಿಲ್ಲ. ಅಂಕಿತಾ ಅಣ್ಣನ ಮುಖ ನೋಡಿದಳು. ಅವನಿಗೆ ಹಾರ್ನ್ ಕೇಳಿರಲೇ ಇಲ್ಲ.

ಖರೆ ಹೇಳಬೇಕೆಂದರೆ, ‘ಹೊಲಿ ಅಣ್ಣಾ’ ಎನ್ನುವುದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಚೆಂದದ ರೆಕ್ಕೆ. ಅವನ ಕೈ ಬಿದ್ದರೆ ತೂತು ಇತ್ತೆಂದೂ ಗೊತ್ತಾಗುವುದಿಲ್ಲ.

ಅವಳು ರೆಕ್ಕೆಯನ್ನು ಕಿತ್ತುಕೊಂಡಳು. ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದಳು. ಬಾಗಿಲು ದಾಟಿ ಓಡಿದಳು.

“ಏ ಅಂಕಿ! ಹರೀತೈತಿ! ಮೆಲ್ಲಕ ಹಿಡಿಯಲೇ!” ಮಲ್ಲು ಚಪ್ಪಲಿ ಮೆಟ್ಟಿಕೊಂಡು ಬೆನ್ನು ಹತ್ತಿದ. ಅಂಕಿತಾ ನಿಲ್ಲಲಿಲ್ಲ. ಅಂಗಡಿ ದಾಟಿದಳು. ಗಲ್ಲೆಯ ಮೇಲಿಂದ ಅಪ್ಪ ಎದ್ದು ನಿಂತು ನೋಡಿದರು. ಗುಡಿ ದಾಟಿದಳು. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಶೇಖಸಾಬ ನಿಂತಿದ್ದರು. ಬ್ಯಾಗನ್ನು ಅವರ ಕೈಗೆ ಎಸೆದಳು.

“ಏನಪಾ ಮಲ್ಲು, ಬಾತ್ ಹಿಡ್ಯಾಕ ಹೊಂಟಿಯೋ, ಪರೀಕ್ಷಾಕ್ಕ ಹೊಂಟಿಯೋ? ಜಲ್ದಿ ಹತ್ತು!” ಎಂದರು ಶೇಖಸಾಬ.

“ಅಂಕಿ, ಅದನ್ನ ಕೊಡಲೇ, ಬಸ್ಸಿನ್ಯಾಗ ಕುಂತ ಹೊಲೀತೀನಿ—”

“ಸೂಜಿ ಮನ್ಯಾಗ ಐತಿ! ತೂತ ಇದ್ರ ಇರ್ಲಿ! ನೀ ಹೋಗ!” ಅಂಕಿತಾ ಏದುಸಿರು ಬಿಡುತ್ತ ಅವನನ್ನು ಹಿಂದಿನಿಂದ ನೂಕಿದಳು. ಬಸ್ಸು ಹೊರಟಿತು. ಮಲ್ಲು ಕಿಟಕಿಯಿಂದ ಅವಳನ್ನು ನೋಡಲಿಲ್ಲ. ರೆಕ್ಕೆಯನ್ನೇ ನೋಡುತ್ತಿದ್ದ.

ಸಂಜೆ ಶಾಲೆಯ ಅಂಗಳ ತುಂಬಿತ್ತು. ಅಂಕಿತಾ ಎಲ್ಲರಿಗಿಂತ ಮುಂದೆ ಹಾರಿದಳು. ಒಂದು ರೆಕ್ಕೆ ಚೆಂದ ಆದರೆ ತೂತು, ಇನ್ನೊಂದು ಗಟ್ಟಿ ಆದರೆ ಸೊಟ್ಟ. ಅಣ್ಣನ ಚೆಂದದ ಗರಿಗಳ ನಡುವೆ ತನ್ನ ಸೊಟ್ಟ ತೇಪೆ ಬೇಡವೆಂದು ಅವಳೇ ತೂತನ್ನು ಹಾಗೇ ಬಿಟ್ಟಿದ್ದಳು. ಅಫ್ರೀನ ಟೀಚರ್ ತೂತನ್ನು ಕಂಡು ಹುಬ್ಬೇರಿಸಿದರು. ಜನ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಮಲ್ಲು ಒಬ್ಬನೇ ಮುಖ ಕಿವುಚಿಕೊಂಡು ಆ ತೂತನ್ನು ನೋಡುತ್ತಿದ್ದ.

“ಪೇಪರ್ ಹೆಂಗಿತ್ತು?” ಮನೆಗೆ ಬರುವ ದಾರಿಯಲ್ಲಿ ಅಂಕಿತಾ ಕೇಳಿದಳು.

“ಬರದೇನಿ. ಪಾಸ್ ಆಗಬಹುದು ಅನ್ನಸ್ತೈತಿ.” ಸೊಟ್ಟ ರೆಕ್ಕೆಯನ್ನು ಮುಟ್ಟಿ ನೋಡಿದ. “ಎರಡನೇ ರೆಕ್ಕಿ ನೀ ಹೊಲದದ್ದು ಭಾಳ ಏನ್ ಕೆಟ್ಟಿಲ್ಲ.”

“ಗೊತ್ತೈತಿ ಬಿಡು,” ಎಂದಳು ಅಂಕಿತಾ.

ಮನೆಗೆ ಬಂದು ಅವಳು ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಮಲ್ಲು ದೀಪದ ಕೆಳಗೆ ಕೂತುಬಿಟ್ಟಿದ್ದ. ತೊಡೆಯ ಮೇಲೆ ಹರಿದ ರೆಕ್ಕೆ, ಕೈಯಲ್ಲಿ ಸೂಜಿ. ಗ್ಯಾದರಿಂಗ್ ಮುಗಿದ ಮೇಲೆ ರೆಕ್ಕೆ ಯಾರಿಗೆ ಬೇಕು? ಸೋಮವಾರ ಸಮಾಜಶಾಸ್ತ್ರದ ಪೇಪರ್ ಬೇರೆ ಇದೆ!

“ಮಲ್ಲೂ, ಊಟಕ್ಕ ಬಾ!” ಅಡುಗೆಮನೆಯಿಂದ ಅವ್ವ ಕರೆದಳು. ಮತ್ತೆ ಕರೆದಳು. ಮೂರನೆಯ ಸಲದ ಕೂಗಿಗೆ ಮನೆಯ ಹೆಂಚೇ ನಡುಗಿತು. ಮಲ್ಲು ಕತ್ತು ಎತ್ತಲಿಲ್ಲ.

“ಕಿವಿ ಕೇಳ್ತಾವೋ ಇಲ್ಲೋ ಇಂವಗ?” ಅವ್ವ ಲಟ್ಟಣಿಗೆ ಹಿಡಿದು ಬಾಗಿಲಿಗೆ ಬಂದಳು.

“ಇಲ್ಲಬೇ. ಕೇಳೂದಿಲ್ಲ ಅಂವಗ,” ಎಂದಳು ಅಂಕಿತಾ. “ನೀ ಹೋಗಿ ತಾಟ ಹಾಕು. ನಾ ಕರಕೊಂಡ ಬರ್ತೀನಿ.”

ಅವಳು ಅಣ್ಣನ ಪಕ್ಕ ಕೂತಳು. ಕೂಗಲಿಲ್ಲ. ಸೂಜಿ ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ನೋಡುತ್ತ, ಆ ಒಂದು ಸಾಲು ಮುಗಿಯುವ ತನಕ ಕಾದಳು. ಆಮೇಲೆ ಅವನ ಹೆಗಲು ಮುಟ್ಟಿ, ಸೂಜಿ ಕಸಿದುಕೊಂಡಳು.