ಬೋರಲು ಹಾಕಿದ ದೋಣಿ

"ಮುಳ್ಳು ಸರಿಸಿದ್ದು ಸಾಕು ಕಣಪ್ಪ. ಅದನ್ನ ತಿರುವಿ ಹಾಕ್ಬ್ಯಾಡ," ಎಂದಳು ನಾಗಕ್ಕ.

ಗುರುರಾಜ್ ನಕ್ಕ. ಇಂಥ ಮಾತಿಗೆ ನಗುವುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಚಿತ್ರದುರ್ಗದಲ್ಲಿ ಹಳೇ ಮರದ ಸಾಮಾನು ರಿಪೇರಿ ಮಾಡಿ ಹೆಸರಾದವನು ಅವನು. ಸತ್ತವರ ಮಂಚ, ನೇಣು ಬಿಗಿದುಕೊಂಡವರ ಮನೆಯ ತೊಲೆ, ಯಾರೂ ಮುಟ್ಟದ ತೊಟ್ಟಿಲು, ಎಲ್ಲವನ್ನೂ ತಂದು ಉಜ್ಜಿ ಪಾಲಿಶ್ ಹೊಡೆದು ಬೇರೆಯವರ ಮನೆಗೆ ಸೇರಿಸಿದ್ದ. ಮರಕ್ಕೆ ಹುಳ ಹಿಡಿಯುತ್ತದೆ, ಗೆದ್ದಲು ಹಿಡಿಯುತ್ತದೆ, ದೆವ್ವ ಹಿಡಿಯುವುದಿಲ್ಲ ಎನ್ನುತ್ತಿದ್ದ. ಹೇಳಿ ಹೇಳಿ ಅದು ಅವನಿಗೇ ಬಹಳ ಜಾಣತನದ ಮಾತಾಗಿ ಕಾಣತೊಡಗಿತ್ತು.

ಮಾರಿಕಣಿವೆ ಅಣೆಕಟ್ಟು ತುಂಬಿದ ವರ್ಷ ಅದು. ಹಿನ್ನೀರು ಹೊಸದುರ್ಗದ ಕಡೆಯ ಹೊಲಗಳಿಗೆ ನುಗ್ಗಿ, ಜಾಲಿ ಮರಗಳ ನೆತ್ತಿಯಷ್ಟೇ ಕಾಣುವಂತೆ ನಿಂತಿತ್ತು. ಆ ದಂಡೆಯ ಮೇಲೆ ಹಳೇ ಮರದ ದೋಣಿಗಳ ಮೇಳ ಏರ್ಪಾಡಾಗಿತ್ತು. ತುಂಗಭದ್ರೆಯ ದಡದಿಂದ, ಕರಾವಳಿಯಿಂದ ಲಾರಿಗಳ ಮೇಲೆ ಮಲಗಿಕೊಂಡು ದೋಣಿಗಳು ಬರುತ್ತಿದ್ದವು. ಬೇರೆ ಊರಿನವೇ ಮೆರೆದರೆ ಹೇಗೆ, ಇಲ್ಲಿಯದೂ ಒಂದು ಬೇಕು ಎಂದು ಮೇಳದವರು ಗುರುರಾಜನ ಬೆನ್ನು ಬಿದ್ದಿದ್ದರು. ಹುಡುಕಿಕೊಂಡು ಹೊರಟವನಿಗೆ ಸಿಕ್ಕಿದ್ದು ಈ ಕುರಿ ಸಾಕುವವರ ಹಟ್ಟಿ, ಹಟ್ಟಿಯ ಹೊರಗೆ ಬೋರಲು ಬಿದ್ದಿದ್ದ ಈ ದೋಣಿ, ಅದರ ಮೇಲೆ ಆಳೆತ್ತರ ಕಾರೆಮುಳ್ಳು. ಹಟ್ಟಿಯ ಹಿರಿಯ ಮುದ್ದಣ್ಣ ತೆಗೆದುಕೊಂಡು ಹೋಗಿ ಎಂದಿದ್ದ. ವರ್ಷವರ್ಷವೂ ಹೊಸ ಮುಳ್ಳು ಕಡಿದು ತಂದು ಹೇರುತ್ತಿದ್ದ ನಾಗಕ್ಕ ಮಾತ್ರ ಒಪ್ಪಿರಲಿಲ್ಲ.

"ನೂರು ವರ್ಷದ ಹಿಂದೆ ಕಟ್ಟೆ ಕಟ್ಟಿ ನೀರು ಏರಿದಾಗ ಹಳೇ ಹಟ್ಟೀನೆಲ್ಲ ಈ ದೋಣೀಲೇ ಸಾಗಿಸಿದ್ದು," ಎಂದಳು ಅವಳು. "ಜನ ಹತ್ತಿದ್ರು, ಕುರಿ ಹತ್ತಿದ್ವು, ನಾಯೀನೂ ಹತ್ತಿದ್ವು. ಹಟ್ಟಿ ಹೊರಗೆ ಗುಡ್ಲಲ್ಲಿ ಒಬ್ಬಳು ಬಾಣಂತಿ ಇದ್ಲು. ಸೂತಕ ಕಳೆದಿರಲಿಲ್ಲ. ಹೆತ್ತೋಳ ಜೊತೆ ಕುಂತ್ರೆ ಮೈಲಿಗೆ ಅಂತ ಯಾರೂ ಅವಳನ್ನ ಹತ್ತಿಸಿಕೊಳ್ಳಲಿಲ್ಲ. ಅಂಬಿಗ, 'ಕಡೇ ಸಲಕ್ಕೆ ನಾನೇ ಕರೀತೀನಿ ಬಿಡವ್ವ' ಅಂದ. ಕರೀಲೇ ಇಲ್ಲ."

"ಮಗು?"

"ಮಗೂನೂ ಹೋತು." ನಾಗಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವಳ ತಾಯಿ ಮಾಟ ಬಲ್ಲೋಳು. ಮಗಳ ಹೆಣ ತೇಲಿ ಬಂದಾಗ ತಲೆಗೂದಲು ಕುಯ್ದು ದೋಣಿ ತಳಕ್ಕೆ ಜಡಿದ್ಲು. ಈ ದೋಣಿ ಹತ್ತೋ ಬಾಣಂತಿ ನನ್ನ ಮಗಳಿಗೆ ಜಾಗ ಬಿಟ್ಟುಕೊಡ್ಲಿ ಅಂದ್ಲು. ಅದಕ್ಕೇ ಬೋರಲು ಹಾಕಿರೋದು. ಅವಳು ತಾನಾಗೇ ಬರಂಗಿಲ್ಲ ಕಣಪ್ಪ. ಕರೀಬೇಕು. ಕರೀತೀನಿ ಅಂದಿದ್ನಲ್ಲ, ಇನ್ನೂ ಕಾಯ್ತಾ ಅವ್ಳೆ."

"ಕರೆಯೋದಿಲ್ಲ ಬಿಡಜ್ಜಿ. ನನ್ನ ಹತ್ರ ಅವಳ ನಂಬರ್ ಇಲ್ಲ," ಎಂದು ಗುರುರಾಜ್ ಆಳುಗಳಿಗೆ ಸನ್ನೆ ಮಾಡಿದ. ಯಾರೂ ನಗಲಿಲ್ಲ.

ದೋಣಿ ಮಗುಚಿತು. ಅದರ ಹೊಟ್ಟೆಯೊಳಗಿಂದ ಗಾಳಿಯೊಂದು ಎದ್ದು ಮುಖಕ್ಕೆ ಬಡಿಯಿತು. ಮಣ್ಣಿನ ವಾಸನೆ ಬರಬೇಕಿತ್ತು. ಬಂದದ್ದು ಸಾಂಬ್ರಾಣಿ, ಸುಟ್ಟ ಬೆಳ್ಳುಳ್ಳಿ, ಹರಳೆಣ್ಣೆ, ಬಜೆ, ಹುಳಿತ ಹಾಲು. ಮೂರು ತಿಂಗಳಿಂದ ಅವನ ಮನೆಯಲ್ಲಿ ದಿನವೂ ಬರುವ ವಾಸನೆಯೇ ಅದು. ಬಾಣಂತಿ ಕೋಣೆಯ ವಾಸನೆ. ನನ್ನ ಅಂಗಿಗೇ ಅಂಟಿಕೊಂಡು ಬಂದಿರಬೇಕು ಎಂದುಕೊಂಡ.

ದೋಣಿಯ ಕೆಲಸಕ್ಕೆಂದು ಹಿನ್ನೀರಿನ ದಂಡೆಯ ಊರಲ್ಲೇ ಒಂದು ಮನೆ ಹಿಡಿದಿದ್ದ. ಹೆಂಡತಿ ಸಹನಾ, ಮೂರು ತಿಂಗಳ ಮಗಳು ಜೊತೆಗಿದ್ದರು. ಸಹನಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಹೆರಿಗೆ ರಜೆಯಲ್ಲಿದ್ದಳು. ಹತ್ತು ವರ್ಷದಿಂದ ಬಲಗೈಗೆ ಕಟ್ಟುತ್ತಿದ್ದ ಸ್ಟೀಲ್ ವಾಚನ್ನು ಅವಳು ಹೆರಿಗೆ ಕೋಣೆಯಲ್ಲೂ ಬಿಚ್ಚಿರಲಿಲ್ಲ. ನೋವು ಎಷ್ಟು ನಿಮಿಷಕ್ಕೊಮ್ಮೆ ಬರುತ್ತಿದೆ ಎಂದು ತಾನೇ ನೋಡಿಕೊಂಡು ನರ್ಸಿಗೆ ಹೇಳಿದವಳು. ಗುರುರಾಜನಿಗೆ ಅವಳೆಂದರೆ ಪ್ರಾಣ. ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನಡೆದದ್ದನ್ನು ಕೇಳಿದವರು ಅವನ ಬಗ್ಗೆ ಏನೇನೋ ಅಂದುಕೊಳ್ಳುತ್ತಾರೆ.

ಹೊನ್ನೆ ಮರದ ದೋಣಿ ಗಟ್ಟಿಯಾಗಿಯೇ ಇತ್ತು. ಮುಂಭಾಗದ ತಳದಲ್ಲಿ ಮಾತ್ರ ಒಂದು ತೂತು, ಅದಕ್ಕೆ ಅರಗು ಸುರಿದು ಜಡಿದಿದ್ದ ಬಿರಡೆ. ಉಳಿ ಇಟ್ಟು ಎಬ್ಬಿಸಿದ. ಬಿರಡೆಯ ಸುತ್ತ ಉದ್ದನೆಯ ಕೂದಲು ಸುತ್ತಿತ್ತು. ನೂರು ವರ್ಷದ ಕೂದಲು ಒಣಗಿ ಪುಡಿಯಾಗಬೇಕು. ಇದು ಒದ್ದೆಯಾಗಿತ್ತು. ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಿ, ಮರದ ಹೊಟ್ಟು ಸುಡುತ್ತಿದ್ದ ಬೆಂಕಿಗೆ ಎಸೆದ.

ಒಳಗಿಂದ ಸಹನಾ ಕೂಗಿದಳು. "ರೀ, ಒಲೆ ಮೇಲೇನೂ ಇಟ್ಟಿಲ್ಲ. ಹಾಲು ಸೀದ ವಾಸನೆ ಎಲ್ಲಿಂದ ಬರ್ತಿದೆ?"

ಅವನು ಬೆಂಕಿ ಕೆದಕಿದ. ತೂತಿಗೆ ಹೊಸ ಮರ ಕೂರಿಸಿ, ಎಣ್ಣೆ ಹಚ್ಚಿದ.

ಮೇಳದ ದಿನ ಸಂಜೆ ನಾಲ್ಕೂವರೆ. ದಂಡೆ ತುಂಬ ಜನ, ಮಂಡಕ್ಕಿ ಮೆಣಸಿನಕಾಯಿಯ ಘಾಟು, ಮೈಕಿನ ಕಿರುಚಾಟ. ಬಣ್ಣ ಬಳಿದುಕೊಂಡ ದೋಣಿಗಳು ಸಾಲಾಗಿ ನಿಂತಿದ್ದರೂ ಜನ ನೆರೆದದ್ದು ಬಣ್ಣವಿಲ್ಲದ ಈ ದೋಣಿಯ ಸುತ್ತ. ಹುಟ್ಟು ಹಾಕಲು ಬಂದಿದ್ದವನು ನಾಗಕ್ಕನ ಮಗ ಜುಂಜೇಶ್. ಹಿನ್ನೀರಿನಲ್ಲಿ ಮೀನು ಹಿಡಿಯುವವನು, ನಲವತ್ತು ದಾಟಿದವನು. ಸಹನಾ ಮಗು ಎತ್ತಿಕೊಂಡು ಬರುವುದನ್ನು ನೋಡಿ ಅವನ ಮುಖ ಕಪ್ಪಿಟ್ಟಿತು.

"ಅಣ್ಣ, ಅಕ್ಕಾರು ಬ್ಯಾಡ. ಇನ್ಯಾರನ್ನಾದ್ರೂ ಕುಂಡ್ರಿಸ್ರಿ."

"ಇವಳಿಗೆಂದೇ ಮಾಡಿದ ದೋಣಿ ಕಣೋ. ಮೊದಲ ಸುತ್ತು ಇವಳದ್ದೇ."

ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಲೈಫ್ ಜಾಕೆಟ್‌ಗಳನ್ನು ದಂಡೆಯಲ್ಲೇ ಬಿಟ್ಟರು. ಸಹನಾ ದೋಣಿಯ ಮೂತಿಯ ಹತ್ತಿರ ಕುಳಿತಳು. ಮಗುವನ್ನು ಎದೆಗೆ ಅವುಚಿಕೊಂಡು ಗುರುರಾಜ್ ನಡುವೆ ಕುಳಿತ. ಮೇಳದವರೊಬ್ಬರು ಅವನ ಬಾಯಿಗೆ ಮೈಕು ಹಿಡಿದು, ದೋಣಿಯ ಕತೆ ಹೇಳಿ ಎಂದರು. ಅಷ್ಟು ಜನ ಕಿವಿಗೊಟ್ಟು ನಿಂತಾಗ ಅವನಿಗೆ ಹುರುಪು ಬಂತು. ನಾಗಕ್ಕ ಹೇಳಿದ್ದನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳಿದ. ಕೊನೆಗೆ ನೀರಿನ ಕಡೆ ಕೈ ಚಾಚಿ, ನಾಟಕದವರಂತೆ ರಾಗ ಎಳೆದ.

"ಬಾರವ್ವ! ಜಾಗ ಐತೆ, ಹತ್ತು ಬಾ!"

ಜನ ಹೋ ಎಂದು ನಕ್ಕರು. ಜುಂಜೇಶನ ಕೈಯಿಂದ ಹುಟ್ಟು ಜಾರಿ ದೋಣಿಯ ಅಂಚಿಗೆ ಬಡಿಯಿತು. ಸಹನಾ ಕೂಡ ನಕ್ಕಳು. ಆ ನಗುವನ್ನು ಅವನು ಈಗಲೂ ನೆನೆಯುತ್ತಾನೆ.

ದಂಡೆ ಬಿಟ್ಟು ಇನ್ನೂರು ಮಾರು ಹೋದರು. ಮುಳುಗಿದ ಜಾಲಿ ಮರಗಳ ನೆತ್ತಿ ದಾಟಿದ ಮೇಲೆ ಮೈಕಿನ ಸದ್ದು ಕಡಿಮೆಯಾಯಿತು. ಆಮೇಲೆ ಸದ್ದೇ ಇಲ್ಲ. ಗಾಳಿ ನಿಂತಿತು. ಹುಟ್ಟಿನ ಸಪ್ಪಳ ಕೂಡ ದೂರದಲ್ಲಿ ಯಾರೋ ಬಟ್ಟೆ ಒಗೆಯುತ್ತಿರುವಂತೆ ಕೇಳುತ್ತಿತ್ತು. ಸಾಂಬ್ರಾಣಿಯ ವಾಸನೆ ಬಂತು. ಹರಳೆಣ್ಣೆ. ಹುಳಿತ ಹಾಲು. ಅಳುತ್ತಿದ್ದ ಮಗು ಸುಮ್ಮನಾಗಿ, ಬರೀ ಗಾಳಿಯನ್ನು ಚಪ್ಪರಿಸಿ ಚಪ್ಪರಿಸಿ ಹಾಲು ಕುಡಿಯತೊಡಗಿತು.

"ಅಣ್ಣ," ಎಂದ ಜುಂಜೇಶ್ ಹಿಂದಿನಿಂದ. "ದೋಣಿ ಭಾರ ಆತು."

ಮೂತಿ ತಗ್ಗಿತು. ಯಾರೋ ನೀರೊಳಗಿಂದ ಅಂಚು ಹಿಡಿದು ಹತ್ತಲು ನೋಡುತ್ತಿದ್ದಂತೆ ತಗ್ಗಿತು. ಸಹನಾ ತಿರುಗಿ ನೋಡಿದಳು. ಏನು ಕಂಡಳೋ. ಬಾಯಿ ತೆರೆದಳು. ಕೂಗು ಬರಲಿಲ್ಲ. ಇನ್ನೊಮ್ಮೆ ತಗ್ಗಿತು. ಅವಳು ಅಲ್ಲಿರಲಿಲ್ಲ.

ಗುರುರಾಜ್ ಅಂಚಿಗೆ ಬಿದ್ದ. ಎಡತೋಳಲ್ಲಿ ಮಗು. ಬಲಗೈಯನ್ನು ಭುಜದವರೆಗೆ ನೀರಿಗೆ ಇಳಿಸಿದ. ನೀರು ಕಪ್ಪಗಿತ್ತು. ತಣ್ಣಗಿತ್ತು. ತಡಕಿದ. ಕೈ ಸಿಕ್ಕಿತು. ಬೆಚ್ಚಗಿನ ಕೈ. ಮಣಿಕಟ್ಟಿನಲ್ಲಿ ವಾಚಿತ್ತು. ಹಿಡಿದ. ಜಾರಿತು. ಮತ್ತೆ ಹಿಡಿದ. ಅಷ್ಟರಲ್ಲಿ ಇನ್ನೊಂದು ಕೈ ಬಂತು. ಅದನ್ನು ಅವನು ಹಿಡಿಯಲಿಲ್ಲ. ಅದೇ ಅವನನ್ನು ಹಿಡಿಯಿತು. ತಣ್ಣಗೆ. ಬಿಗಿಯಾಗಿ. ಮೂಳೆ ನಲುಗುವಷ್ಟು ಬಿಗಿಯಾಗಿ. ಇರುವುದು ಒಂದೇ ಕೈ. ಎರಡನ್ನೂ ಎಳೆಯಲಾರ. ಮಗುವನ್ನು ಬಿಡಲಾರ. ದೋಣಿ ವಾಲುತ್ತಿದೆ. ಬೆಚ್ಚಗಿನ ಬೆರಳು ಒಂದೊಂದಾಗಿ ಬಿಟ್ಟುಹೋದವು. ಅಥವಾ ಅವನೇ ಬಿಟ್ಟ. ಬಿಗಿಯಾಗಿದ್ದುದನ್ನು ಎಳೆದ. ಇದ್ದ ಬಲವನ್ನೆಲ್ಲ ಹಾಕಿ ಎಳೆದ.

ಜುಂಜೇಶ್ ಹಿಂದಿನಿಂದ ತೆವಳಿ ಬರುವ ಹೊತ್ತಿಗೆ ಸಹನಾ ದೋಣಿಯ ತಳದಲ್ಲಿ ಮಲಗಿ ಕೆಮ್ಮುತ್ತಿದ್ದಳು. ಅದೇ ಹಸಿರು ಸೀರೆ, ಅದೇ ಮುಖ, ಗದ್ದದ ಮೇಲೆ ಅದೇ ಮಚ್ಚೆ. ದಂಡೆಯಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಜುಂಜೇಶ್ ಒಂದು ಸಲ ಅವಳನ್ನು ನೋಡಿದ, ಮತ್ತೆ ನೋಡಲಿಲ್ಲ.

ಹೊಸದುರ್ಗದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಗಾಬರಿಯಾಗಿದ್ದಾರೆ ಅಷ್ಟೇ, ವಿಶ್ರಾಂತಿ ಬೇಕು ಎಂದು ಕಳಿಸಿಕೊಟ್ಟರು. ದಾರಿಯುದ್ದಕ್ಕೂ ಸಹನಾ ಮಗುವನ್ನೇ ನೋಡುತ್ತಿದ್ದಳು. ಮನೆಯ ಮುಂದೆ ಕಾರು ನಿಂತಾಗ ದೀಪ ಹಚ್ಚುವ ಹೊತ್ತು. ಕಾರು ಓಡಿಸಿಕೊಂಡು ಬಂದಿದ್ದ ಜುಂಜೇಶ್ ಗುರುರಾಜನ ತೋಳು ಹಿಡಿದು ಪಕ್ಕಕ್ಕೆ ಕರೆದ.

"ಅಣ್ಣ, ಒಂದೇ ಮಾತು. ಬಾಗಿಲು ತೆಗೆದಿಡ್ರಿ, ಆದ್ರೆ ಕರೀಬ್ಯಾಡ್ರಿ. ತಾನಾಗೇ ಒಳಗೆ ಬಂದ್ರೆ ನಿಮ್ಮೋರು."

"ಬರದಿದ್ರೆ?"

"ಬರದಿದ್ರೆ ನಮ್ಮವ್ವನ್ನ ಕರ್ಕಂಡು ಬರ್ತೀನಿ. ಅಲ್ಲೀವರೆಗೂ ಬಾಯಿ ಬಿಡಬ್ಯಾಡ್ರಿ." ಹೇಳಿದವನೇ ಹಟ್ಟಿಯ ದಾರಿ ಹಿಡಿದು ಓಡಿದ.

ಗುರುರಾಜ್ ಮಗು ಎತ್ತಿಕೊಂಡು ಒಳಗೆ ಬಂದ. ದೀಪ ಹಾಕಿದ. ಬಾಗಿಲು ಪೂರ್ತಿ ತೆರೆದು, ದಾರಿ ಬಿಟ್ಟು ಪಕ್ಕಕ್ಕೆ ನಿಂತ. ಸಹನಾ ಅಂಗಳ ದಾಟಿ ಬಂದಳು. ಹೊಸ್ತಿಲಿನ ಮುಂದೆ ನಿಂತಳು.

ನಿಂತೇ ಇದ್ದಳು.

ಮಗು ಹಸಿವಿಗೆ ಅಳತೊಡಗಿತು. ಅತ್ತು ಅತ್ತು ಅದರ ಮುಖ ಕೆಂಪಾಯಿತು, ಉಸಿರು ಕಟ್ಟಿತು, ಮತ್ತೆ ಅತ್ತಿತು. ಹೊರಗೆ ನಿಂತವಳ ರವಿಕೆ ಹಾಲಿನಿಂದ ಒದ್ದೆಯಾಗುತ್ತಿತ್ತು. ಕಣ್ಣು ಮಗುವಿನ ಮೇಲೆಯೇ ಇತ್ತು.

"ಕರೀರಿ," ಎಂದಳು. ಸಹನಾಳ ದನಿಯೇ. "ಕರೀದೆ ಹೆಂಗೆ ಬರ್ಲಿ?"

ಗುರುರಾಜ್ ತುಟಿ ಕಚ್ಚಿ ಹಿಡಿದ. ಕಾಲು ಗಂಟೆ ಹಿಡಿದ. ಇವಳು ಸಹನಾ ಆಗಿದ್ದರೆ? ಸಾವಿನ ಬಾಯಿಂದ ಬಂದವಳು, ಬೆದರಿ ಬುದ್ಧಿ ಮಂಕಾಗಿ ನಿಂತಿದ್ದರೆ? ಹೆತ್ತವಳನ್ನು ಬಾಗಿಲ ಹೊರಗೆ ನಿಲ್ಲಿಸಿ ಮಗುವನ್ನು ಅಳಿಸುತ್ತಿರುವ ತನಗೂ ಆ ಅಂಬಿಗನಿಗೂ ಏನು ವ್ಯತ್ಯಾಸ? ಅವಳ ಕೈಯಲ್ಲಿ ಕಾಣದ ವಾಚು ನೀರಿನಲ್ಲಿ ಬಿಚ್ಚಿಹೋಗಿರಬೇಕು. ಕೈ ಒಂದೇ ಇದ್ದಿರಬೇಕು, ಗಾಬರಿಯಲ್ಲಿ ಎರಡು ಅನ್ನಿಸಿರಬೇಕು. ಹೀಗೆಲ್ಲ ಯೋಚಿಸಿದ. ಅದರಲ್ಲಿ ಕೆಟ್ಟ ಯೋಚನೆ ಒಂದೂ ಇರಲಿಲ್ಲ. ಒಳ್ಳೆಯ ಗಂಡ ಯಾರಾದರೂ ಹಾಗೆಯೇ ಯೋಚಿಸುತ್ತಾನೆ. ನನಗೆ ಅವನ ಮೇಲೆ ಮರುಕ ಬರುವುದು ಇಲ್ಲೇ.

"ಬಾ," ಎಂದ. "ಒಳಗೆ ಬಾ."

ಅವಳು ಹೊಸ್ತಿಲು ದಾಟಿದಳು. ಅವನ ತೋಳಿಂದ ಮಗುವನ್ನು ಎತ್ತಿಕೊಂಡು, ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತು ಎದೆಗೆ ಹಚ್ಚಿದಳು. ಅಳು ನಿಂತಿತು. ಗುಟುಕು ಗುಟುಕಾಗಿ ಕುಡಿಯುವ ಸದ್ದು. ಗುರುರಾಜ್ ಅಲ್ಲೇ ಕುಸಿದು ಕುಳಿತು ಗಳಗಳನೆ ಅತ್ತ.

ಕಣ್ಣೊರೆಸಿಕೊಂಡು ನೋಡಿದಾಗ ಮಗುವಿನ ಬೆನ್ನ ಮೇಲಿದ್ದ ಅವಳ ಬಲಗೈ ಕಂಡಿತು. ಹತ್ತು ವರ್ಷ ವಾಚು ಕಟ್ಟಿದ ಮಣಿಕಟ್ಟಿನಲ್ಲಿ ಬಿಳಿ ಪಟ್ಟಿಯೊಂದು ಇರಬೇಕು. ಸ್ನಾನ ಮಾಡಿ ಬಂದಾಗಲೆಲ್ಲ ಅದನ್ನು ನೋಡಿದ್ದ.

ಇರಲಿಲ್ಲ.

ಕೋಣೆಯ ತುಂಬ ಸಾಂಬ್ರಾಣಿ. ಯಾರೂ ಹಚ್ಚಿರಲಿಲ್ಲ.

ಆಗಲೇ ಹೊರಗಿನಿಂದ, ಹಿನ್ನೀರಿನ ಕಡೆಯಿಂದ, ಸಣ್ಣ ದನಿ ಬಂತು. ಬಾಯಿ ತುಂಬ ನೀರು ತುಂಬಿಕೊಂಡವರು ಮಾತಾಡುವಂತೆ.

"ರೀ… ನನ್ನ ಕರೀರಿ…"

ಅವನು ಎದ್ದ. ಬಾಗಿಲ ಕಡೆ ತಿರುಗಿದ. ಹೆಸರು ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದ. ಬಾಯೊಳಗೆ ಉದ್ದನೆಯ ಒದ್ದೆ ಕೂದಲು. ಎಳೆದಷ್ಟೂ ಬರುತ್ತಿತ್ತು. ಸ್ವರ ಮಾತ್ರ ಬರಲಿಲ್ಲ.

ಚಾಪೆಯ ಮೇಲಿದ್ದವಳು ತಲೆ ಎತ್ತಲಿಲ್ಲ. ಮಗುವಿನ ನೆತ್ತಿ ಸವರುತ್ತಾ ಮೆಲ್ಲಗೆ ಹೇಳಿದಳು.

"ಕಡೇ ಸಲಕ್ಕೆ ಕರೆದ್ರಾತು ಬಿಡು, ಅಂಬಿಗಣ್ಣ."